ಫಿಲ್ಟರಿನ ಸ್ಪಂಜು ತೊಳೆದು ಒಣಗಿಸಿದೆ, ಎರಡು ಗೋಲ್ಡ್‌ಫಿಷ್ ಹೋದವು

ಮಡಿಕೇರಿಯ ಬಾಡಿಗೆ ಮನೆಯಿಂದ ಸುಂಟಿಕೊಪ್ಪದ ಹತ್ತಿರ ಇರುವ ನಮ್ಮ ತೋಟದ ಮನೆಗೆ ಸುಮಾರು 15 ಕಿಲೋಮೀಟರ್. ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಮೀನು ಒಯ್ಯುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ. ದಾರಿಯಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಆದದ್ದೆಲ್ಲ ಮನೆ ಸೇರಿದ ಮೇಲೆ. ಮಳೆಗಾಲಕ್ಕೆ ಮೊದಲು ಮನೆ ಬದಲಿಸುವವರು ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಮನೆಯಲ್ಲಿ ಮೀನಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಹತ್ತಿರ ಮೂರು ಗೋಲ್ಡ್‌ಫಿಷ್ ಇದ್ದವು. ಕೆಂಪು ಟೊಪ್ಪಿಯ ಬಿಳಿ ಒರಾಂಡಾ, ಒಂದು ಕಿತ್ತಳೆ ಬಣ್ಣದ ಒರಾಂಡಾ, ಕಣ್ಣು ಹೊರಗೆ ಉಬ್ಬಿರುವ ಬ್ಲ್ಯಾಕ್ ಮೂರ್. ನಾಲ್ಕು ವರ್ಷದಿಂದ ಸಾಕಿದ್ದೆವು. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಷ್ ಹತ್ತು ವರ್ಷದ ಮೇಲೂ ಬದುಕುತ್ತದೆ. ಅಂದರೆ ಅವಕ್ಕೆ ಇನ್ನೂ ಅರ್ಧ ಆಯುಸ್ಸು ಕೂಡ ಆಗಿರಲಿಲ್ಲ.

ಮೊದಲ ತಪ್ಪು ಹಿಡಿಯುವಾಗಲೇ ಆಯಿತು. ಬಲೆ ಹಾಕಿ ಬ್ಲ್ಯಾಕ್ ಮೂರ್ ಮೀನನ್ನು ಮೂಲೆಗೆ ಅಟ್ಟಿ ಎತ್ತಿದೆ. ಅದು ಬಲೆಯೊಳಗೆ ಒದ್ದಾಡಿತು, ಉಬ್ಬಿದ ಕಣ್ಣು ಬಲೆಗೆ ಉಜ್ಜಿತು. ಎರಡು ದಿನದಲ್ಲಿ ಆ ಕಣ್ಣಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಪೊರೆ ಬಂತು. ಮೀನಿನ ಮೈ ಮೇಲೆ ಒಂದು ಲೋಳೆ ಇರುತ್ತದಲ್ಲ, ಅದೇ ಅದರ ರಕ್ಷಣೆ. ಬಲೆಯ ಒರಟು ನೂಲು, ನಮ್ಮ ಒಣ ಕೈ, ಎರಡೂ ಅದನ್ನು ಕೀಳುತ್ತವೆ. ದಪ್ಪ ಹೊಟ್ಟೆಯ, ಉದ್ದ ಬಾಲದ ಮೀನುಗಳನ್ನು ಬಲೆಯಲ್ಲಿ ಎತ್ತಲೇಬೇಡಿ. ನೀರನ್ನು ಅರ್ಧಕ್ಕೆ ಇಳಿಸಿ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಮುಳುಗಿಸಿ, ಮೀನು ತಾನಾಗಿ ಒಳಗೆ ಬರುವ ತನಕ ಕಾಯಿರಿ. ನೀರಿನ ಸಮೇತ ಎತ್ತಿ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ. ಕೈಯಲ್ಲೇ ಹಿಡಿಯಬೇಕಾಗಿ ಬಂದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಹೊಟ್ಟೆಯ ಅಡಿಗೆ ಅಂಗೈ ಕೊಡಿ.

ಪ್ಯಾಕ್ ಮಾಡಿಕೊಟ್ಟವರು ಗೊತ್ತಿದ್ದವರು, ಹಾಗಾಗಿ ದಾರಿ ಸುಸೂತ್ರ ಆಯಿತು. ಹಿಂದಿನ ದಿನದಿಂದಲೇ ಊಟ ನಿಲ್ಲಿಸಲು ಹೇಳಿದ್ದರು, ಹೊಟ್ಟೆ ಖಾಲಿ ಇದ್ದರೆ ಚೀಲದ ನೀರು ಕಮ್ಮಿ ಕೆಡುತ್ತದೆ. ದಪ್ಪ ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದ ಎರಡು ಪಾಲು ಗಾಳಿ. ಮೀನು ಮೂಲೆಯಲ್ಲಿ ಸಿಕ್ಕಿಕೊಳ್ಳದ ಹಾಗೆ ಚೀಲದ ತುದಿಗಳಿಗೆ ರಬ್ಬರ್ ಬ್ಯಾಂಡ್. ಒಂದಕ್ಕೆ ಒಂದು ಚೀಲ, ಎಲ್ಲ ಥರ್ಮಾಕೋಲ್ ಪೆಟ್ಟಿಗೆಯ ಕತ್ತಲಲ್ಲಿ. ಪೆಟ್ಟಿಗೆ ನನ್ನ ಮಗಳ ತೊಡೆ ಮೇಲೆ ಇತ್ತು. ತಿರುವು ಬಂದಾಗಲೆಲ್ಲ ಅಪ್ಪಿ ಹಿಡಿಯುತ್ತಿದ್ದಳು.

ನೀರು, ಕಲ್ಲು ಸಮೇತ ತೊಟ್ಟಿಯನ್ನೇ ಪಿಕಪ್‌ಗೆ ಏರಿಸೋಣ ಅಂತ ನಮ್ಮವರು ಹೇಳಿದ್ದರು. 80 ಲೀಟರ್ ತೊಟ್ಟಿ, ನೀರೇ 80 ಕೆಜಿ. ಎತ್ತುವಾಗ ಗಾಜಿನ ಅಂಟು ಬಿಟ್ಟುಬಿಡಬಹುದು. ಖಾಲಿ ಮಾಡಿಯೇ ಎತ್ತಬೇಕು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಫಿಲ್ಟರಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ, ಕೆಸರು ಹಿಡಿದು, ಮುಟ್ಟಿದರೆ ಜಾರುತ್ತಿತ್ತು. ಹೊಸ ಮನೆಗೆ ಈ ಗಲೀಜು ಯಾಕೆ ಅಂತ ನಲ್ಲಿ ನೀರಲ್ಲಿ ಹಿಂಡಿ ಹಿಂಡಿ ತೊಳೆದೆ. ಸಾಮಾನು ಸಾಗಿಸುವ ಎರಡು ದಿನ ಟೆರೇಸಿನಲ್ಲಿ ಬಿಸಿಲಿಗೆ ಹಾಕಿದೆ. ಹೊಸದರ ಹಾಗೆ ಆಯಿತು. ಖುಷಿಯೂ ಆಯಿತು.

ಆ ಗಲೀಜೇ ನನ್ನ ಮೀನುಗಳನ್ನು ನಾಲ್ಕು ವರ್ಷ ಬದುಕಿಸಿತ್ತು. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯ ಅದನ್ನು ಅಷ್ಟಾಗಿ ಅಪಾಯ ಇಲ್ಲದ ನೈಟ್ರೇಟ್ ಮಾಡುತ್ತವೆ. ಬಿಸಿಲಿಗೆ ಒಣಗಿದರೆ ಇವು ಉಳಿಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕೂಡ ಕೊಲ್ಲುತ್ತದೆ. ಮತ್ತೆ ಹೊಸದಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಚಳಿಗೆ ಇನ್ನೂ ತಡ.

ಮೊದಲ ಎರಡು ದಿನ ಎಲ್ಲ ಸರಿ ಇತ್ತು. ಹಸಿದಿವೆ ಅಂತ ಎಂದಿನಷ್ಟೇ ಊಟ ಹಾಕಿದೆ. ಮೂರನೆಯ ದಿನ ಮೂರೂ ತಳ ಹಿಡಿದು ಕೂತವು. ನಾಲ್ಕನೆಯ ದಿನ ಬೆಳಿಗ್ಗೆ ಬಿಳಿ ಒರಾಂಡಾ ನೀರಿನ ಮೇಲ್ಭಾಗಕ್ಕೆ ಬಾಯಿ ಕೊಟ್ಟು ನಿಂತಿತ್ತು. ಗುಳುಕ್, ಗುಳುಕ್ ಅಂತ ಗಾಳಿ ಎಳೆಯುತ್ತಿತ್ತು. ಅದರ ಬಿಳಿ ಬಾಲದಲ್ಲಿ ಕೆಂಪು ನೂಲು ಎಳೆದ ಹಾಗೆ ರಕ್ತದ ಗೆರೆಗಳು. ಹಿಂದಿನ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಗಿತ್ತು. ಹೊಸ ಜಾಗ, ಚಳಿ, ಕರೆಂಟ್ ಇಲ್ಲದೆ ಹೀಗಾಗಿದೆ ಅಂದುಕೊಂಡೆ. ಅಂಗಡಿಯೊಂದರಲ್ಲಿ ಕೇಳಿದರೆ ನೀರಿನ ಬಗ್ಗೆ ಒಂದು ಮಾತೂ ಕೇಳದೆ ಬಾಟಲಿ ಔಷಧಿ ಕೊಟ್ಟರು. ಹಾಕಿದೆ. ಐದನೆಯ ದಿನ ಒರಾಂಡಾ ಮಗುಚಿಕೊಂಡಿತ್ತು.

ಮೈಸೂರಿನಲ್ಲಿ ಮೀನು ಸಾಕುವ ಸ್ನೇಹಿತೆಗೆ ಅವತ್ತು ಸಂಜೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಮಾತು, "ಸ್ಪಂಜು ತೊಳೆದ್ಯಾ?" ಟೆಸ್ಟ್ ಕಿಟ್ ತರಿಸಿ ನೋಡಿದೆವು. ಅಮೋನಿಯ ಇಲ್ಲದಿದ್ದರೆ ಹಳದಿ ಉಳಿಯಬೇಕಿದ್ದ ನೀರು ಕಡು ಹಸಿರಾಯಿತು. ದಿನಾ ಅರ್ಧ ನೀರು ಬದಲಿಸಿದೆವು, ಊಟ ನಿಲ್ಲಿಸಿದೆವು, ಬ್ಯಾಟರಿಯ ಗಾಳಿ ಪಂಪ್ ಹಾಕಿದೆವು. ಕಣ್ಣು ಹೋಗಿದ್ದ ಮೂರ್ ಎಂಟನೆಯ ದಿನ ಸತ್ತಿತು. ಕಿತ್ತಳೆಯದು ಒಂದೇ ಉಳಿಯಿತು.

ಹಾಗಾದರೆ ಸ್ಪಂಜನ್ನು ಒಯ್ಯುವುದು ಹೇಗೆ? ತೊಟ್ಟಿಯ ಹಳೆ ನೀರಿನಲ್ಲೇ ಒಂದು ಸಲ ಮೆಲ್ಲಗೆ ಅದ್ದಿ, ಅದೇ ನೀರು ತುಂಬಿದ ಡಬ್ಬಿಯಲ್ಲಿ ಇಡಿ. ಮುಚ್ಚಳ ಬಿಗಿ ಮಾಡಬೇಡಿ, ಬ್ಯಾಕ್ಟೀರಿಯಕ್ಕೂ ಗಾಳಿ ಬೇಕು. ಹೊಸ ಮನೆಯಲ್ಲಿ ಪಾತ್ರೆ ಪಗಡೆ ಬಿಚ್ಚುವ ಮೊದಲೇ ಫಿಲ್ಟರ್ ಚಾಲೂ ಮಾಡಿ. ಹಳೆ ನೀರನ್ನೇ ಡ್ರಮ್ಮಿನಲ್ಲಿ ಒಯ್ದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಬ್ಯಾಕ್ಟೀರಿಯ ನೀರಿನಲ್ಲಿ ಇರುವುದು ಕಮ್ಮಿ, ಸ್ಪಂಜಿಗೆ, ಕಲ್ಲಿಗೆ ಅಂಟಿಕೊಂಡಿರುವುದೇ ಜಾಸ್ತಿ.

ಇನ್ನೊಂದು ಮಾತು ತೋಟದವರಿಗೆ. ನಾವು ಬಂದದ್ದು ಮೇ ಕೊನೆ, ಮೆಣಸಿನ ಬಳ್ಳಿಗೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಜಗಲಿಯಲ್ಲಿ ಖಾಲಿ ಡ್ರಮ್ ಇತ್ತು, ಮೂರು ಸಲ ತೊಳೆದು ಮೀನಿಗೆ ನೀರು ಹಿಡಿಯಲು ಹೊರಟಿದ್ದೆ. ಔಷಧಿ ಹೊಡೆಯುವ ಅಜ್ಜ ಓಡಿ ಬಂದು ತಡೆದರು. "ಈ ಡ್ರಮ್ ತೊಳೆದ ನೀರು ತೋಡಿಗೆ ಹೋದರೆ ಏಡಿ, ಮೀನು ಎಲ್ಲ ತೇಲ್ತದೆ ಅಕ್ಕಾ" ಅಂದರು. ಬಗ್ಗಿ ನೋಡಿದರೆ ಡ್ರಮ್ಮಿನ ಅಂಚಿನ ಮಡಿಕೆಯಲ್ಲಿ ಉಗುರಿನಷ್ಟು ಅಗಲ ನೀಲಿ ಕರೆ ಇನ್ನೂ ಇತ್ತು. ಮೈಲುತುತ್ತದಲ್ಲಿರುವ ತಾಮ್ರವು ಮೀನಿನ ಕಿವಿರನ್ನು ಸುಡುತ್ತದೆ, ತೀರಾ ಸ್ವಲ್ಪ ಸಾಕು. ಅವರು ಬರದಿದ್ದರೆ ಮೂರೂ ಮೊದಲ ರಾತ್ರಿಯೇ ಹೋಗುತ್ತಿದ್ದವು. ಮೀನಿಗೆ ಹೊಸ ಬಕೆಟ್ ಕೊಳ್ಳಿ, ಅದಕ್ಕೆ ಸೋಪು ಸಹ ತಾಗಿಸಬೇಡಿ.

ಬೋರ್‌ವೆಲ್ ನೀರಿಗೆ ಕ್ಲೋರಿನ್ ಇಲ್ಲ, ನೇರ ಸುರಿಯಬಹುದು ಅಂದುಕೊಳ್ಳುತ್ತೇವೆ. ಆಳದ ನೀರಿನಲ್ಲಿ ಆಮ್ಲಜನಕವೂ ಕಮ್ಮಿ ಇರುತ್ತದೆ. ಒಂದು ರಾತ್ರಿ ಗಾಳಿ ಪಂಪ್ ಬಿಟ್ಟು ಇಡಿ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ. ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ, ಬಿಸಿ ತಣ್ಣಗೆ ಸಮ ಆಗಲಿ. ಆದರೆ ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಮೊದಲ ದಿನ ಊಟ ಬೇಡ, ಆಮೇಲೆ ಕೆಲವು ವಾರ ಚಿಟಿಕೆಯಷ್ಟು ಸಾಕು.

ಸಾಗಿಸುವುದು ಕಷ್ಟ ಅಂತ ಕೆರೆಗೋ ಹಾರಂಗಿಗೋ ಬಿಟ್ಟುಬಿಡಿ ಅಂತ ಹೇಳುವವರಿದ್ದಾರೆ. ಬೇಡ. ಇದು ನಮ್ಮ ನೀರಿನ ಮೀನಲ್ಲ, ತಳ ಕೆದಕಿ ನೀರು ಕೆಡಿಸುತ್ತದೆ, ರೋಗವನ್ನೂ ಹರಡಬಹುದು. ಸಾಕುವವರು ಯಾರಿಗಾದರೂ ಕೊಡಿ.

ಕಿತ್ತಳೆ ಒರಾಂಡಾ ಈಗ ಚೆನ್ನಾಗಿದೆ. ಸ್ಪಂಜು ಮತ್ತೆ ಕಂದು ಬಣ್ಣಕ್ಕೆ ತಿರುಗಿದೆ. ಹೋದ ವಾರ ನನ್ನ ತಂಗಿ ವಿರಾಜಪೇಟೆಗೆ ಮನೆ ಬದಲಿಸಿದಳು, ಅವಳ ಹತ್ತಿರವೂ ಎರಡು ಮೀನಿವೆ. ನಮ್ಮ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ, ತೊಟ್ಟಿಯ ನೀರಿನ ಸಮೇತ ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟೆ.