ನಾಗದೀಪಕ್ಕೆ ಹುಣ್ಣಿಮೆ ದಿನ ಹೋಗಬೇಡಿ, ವಯಸ್ಸಾದವರು ಜೊತೆಗಿದ್ದರೆ ಬೇಡವೇ ಬೇಡ

ಕಾಫಿ ಕೊಯ್ಲು ಮುಗಿಯಿತು, ನಮ್ಮ ಸೋಮವಾರಪೇಟೆ ಕಡೆಯಿಂದ ಕೆಲವರು ಶ್ರೀಲಂಕಾ ಟೂರ್ ಹೊರಟಿದ್ದಾರೆ ಅಂತ ಕೇಳಿದೆ. ಹೋದ ವರ್ಷ ನಾವು ಪಟ್ಟ ಪಾಡು ಅವರಿಗೆ ಬೇಡ ಅಂತ ಬರೆಯುತ್ತಿದ್ದೇನೆ.

ನಮ್ಮ ಅಮ್ಮನಿಗೆ 68. ಕುಶಾಲನಗರಕ್ಕೆ ಹೋದಾಗಲೆಲ್ಲ ಹೊಳೆ ದಾಟಿ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗಿ, ಆ ಮೂರು ದೊಡ್ಡ ಮೂರ್ತಿಗಳ ಮುಂದೆ ಸುಮ್ನೆ ಅರ್ಧ ಗಂಟೆ ಕೂತು ಬರುತ್ತಾರೆ. ಜಾಫ್ನಾ ಹತ್ತಿರ ನೈನಾತೀವು ಅನ್ನೋ ಸಣ್ಣ ದ್ವೀಪದಲ್ಲಿ ನಾಗದೀಪ ವಿಹಾರ ಇದೆ. ಮಣಿಪೀಠಕ್ಕಾಗಿ ಯುದ್ಧಕ್ಕೆ ನಿಂತಿದ್ದ ಇಬ್ಬರು ನಾಗರಾಜರನ್ನು, ಅದೂ ಸೋದರಮಾವ ಮತ್ತು ಅಳಿಯ, ಬುದ್ಧ ಬಂದು ರಾಜಿ ಮಾಡಿಸಿದ ಜಾಗ ಅದು ಅಂತ ಶ್ರೀಲಂಕಾದ ಹಳೆಯ ಚರಿತ್ರೆಯ ಗ್ರಂಥ ಮಹಾವಂಶ ಹೇಳುತ್ತದೆ. ಅದೇ ದ್ವೀಪದಲ್ಲಿ ನಾಗಪೂಷಣಿ ಅಮ್ಮನ ಗುಡಿಯೂ ಇದೆ. ಇಷ್ಟು ಕೇಳಿದ ಮೇಲೆ ಅಮ್ಮ ಹೋಗಲೇಬೇಕು ಅಂದರು.

ಟೂರ್ ಏಜೆಂಟ್ ಹುಣ್ಣಿಮೆಯನ್ನೇ ಹಿಡಿದು ತಾರೀಖು ಹಾಕಿದ. ಒಳ್ಳೆ ದಿನ ಅಲ್ವಾ ಅಂದ, ನಾವೂ ಒಪ್ಪಿದೆವು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ, ಜನ ಬಿಳಿ ಬಟ್ಟೆ ಉಟ್ಟು ವಿಹಾರಗಳಿಗೆ ಹೊರಡುತ್ತಾರೆ ಅನ್ನೋದು ನಮಗೆ ಗೊತ್ತಿರಲಿಲ್ಲ, ಅವನು ಹೇಳಲೂ ಇಲ್ಲ. ಸ್ಪೆಷಲ್ ಬೋಟ್ ಇದೆ ಅಂತ ದುಡ್ಡು ಬೇರೆ ತೆಗೆದುಕೊಂಡಿದ್ದ. ಕುರಿಕಟ್ಟುವಾನ್ ಜೆಟ್ಟಿಯಲ್ಲಿ ಇಳಿದು ನೋಡಿದರೆ ಯಾವ ಬೋಟೂ ಇಲ್ಲ, ಅವನ ಫೋನ್ ಸ್ವಿಚ್ ಆಫ್.

ಕೊನೆಗೆ ಎಲ್ಲರೂ ಹೋಗುವ ಮರದ ಬೋಟೇ ಗತಿ. ನೂಕುನುಗ್ಗಲಲ್ಲಿ ನಮ್ಮನ್ನು ಬೋಟಿನ ಕೆಳ ಅಂತಸ್ತಿಗೆ ಇಳಿಸಿದರು. ತಲೆ ಬಗ್ಗಿಸಿಯೇ ಕೂರಬೇಕು, ಕಿಟಕಿ ಅಂದರೆ ಅಂಗೈ ಅಗಲದ ಸಂದು, ಎಂಜಿನ್ ಬಿಸಿ, ಡೀಸೆಲ್ ವಾಸನೆ, ಹತ್ತಲು ಇಳಿಯಲು ಒಂದೇ ಕಿರಿದಾದ ಮೆಟ್ಟಿಲು. ದಾರಿ ಬರೀ ಇಪ್ಪತ್ತು ನಿಮಿಷ. ಹತ್ತು ನಿಮಿಷಕ್ಕೇ ಅಮ್ಮ ನನ್ನ ಮಡಿಲಲ್ಲಿ ವಾಂತಿ ಮಾಡಿಕೊಂಡರು, ಕೈ ಐಸ್ ಆಗಿತ್ತು, ಕರೆದರೆ ಮಾತಿಲ್ಲ. ಭಾಷೆ ಬಾರದ ಒಬ್ಬ ಅಜ್ಜಿ ತನ್ನ ಚೀಲದಿಂದ ಕಿತ್ತಳೆ ತೆಗೆದು, ಸಿಪ್ಪೆ ಹಿಂಡಿ ಅಮ್ಮನ ಮೂಗಿಗೆ ಹಿಡಿದರು. ಆ ತಾಯಿಯನ್ನು ನಾನು ಮರೆಯಲ್ಲ. ಎಲ್ಲರಿಗೂ ಆಗುವಷ್ಟು ಲೈಫ್ ಜಾಕೆಟ್ ಇರಲಿಲ್ಲ. ಆ ಬೋಟಿಗೆ ಏನಾದರೂ ಆಗಿದ್ದರೆ ಕೆಳಗಿದ್ದವರು ಹೊರಗೆ ಬರುತ್ತಿರಲಿಲ್ಲ, ಈಗಲೂ ಅದನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ.

ವಿಹಾರದಲ್ಲಿ ಚಪ್ಪಲಿ ಬಿಡಬೇಕು. ಮಧ್ಯಾಹ್ನದ ಬಿಸಿಲಿಗೆ ನೆಲ ಕೆಂಡ, ಅಮ್ಮನ ಪಾದದಲ್ಲಿ ಬೊಬ್ಬೆ ಎದ್ದಿತು. ಕಾಲುಚೀಲ ಇಟ್ಟುಕೊಂಡಿರಿ, ಬೆಳಿಗ್ಗೆ ಮೊದಲ ಬೋಟಿಗೇ ಹೋಗಿ.

ಇನ್ನೊಂದು, ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಲೇಬೇಡಿ. ನನ್ನ ತಂಗಿ ಮಗ ತೆಗೆಯಲು ಹೋಗಿ ಕಾವಲಿನವರಿಂದ ಚೆನ್ನಾಗಿ ಬೈಸಿಕೊಂಡ. ಅಲ್ಲಿ ಅದನ್ನು ದೊಡ್ಡ ಅವಮಾನ ಅಂತ ನೋಡುತ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟನ್ ಮಹಿಳೆಯೊಬ್ಬರನ್ನು ಹಿಡಿದು ವಾಪಸ್ ಕಳಿಸಿದ್ದರು. ಹಚ್ಚೆ ಇರುವ ಹುಡುಗರು ನೋಡಿಕೊಳ್ಳಿ.

ಬರುವಾಗ ಎರಡು ಬೋಟ್ ಬಿಟ್ಟು, ಮೂರನೆಯದರಲ್ಲಿ ಕೈಮುಗಿದು ಕೇಳಿ ಅಮ್ಮನನ್ನು ಮೇಲೆ ಗಾಳಿಗೆ ಕೂರಿಸಿಕೊಂಡು ಬಂದೆ. ಸ್ಪೆಷಲ್ ಬೋಟಿನ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಈಗ ಹೊರಟಿರುವವರಿಗೂ ಅದೇ ಏಜೆಂಟಂತೆ. ತಾರೀಖು ಯಾವುದು ಅಂತ ಕ್ಯಾಲೆಂಡರ್ ತೆಗೆದು ನೋಡಿದೆ, ಹುಣ್ಣಿಮೆಯೇ. ಅವರ ಮನೆಯಲ್ಲಿ 72 ವರ್ಷದ ಅಜ್ಜಿ ಇದ್ದಾರೆ, ಬೆಳಿಗ್ಗೆಯೇ ಫೋನ್ ಮಾಡಿ ತಾರೀಖು ಬದಲಾಯಿಸಿ ಅಂದಿದ್ದೇನೆ.