ತೋಟದ ಗೋದಾಮಿನಲ್ಲಿ ಹಳೇ ವಿಮಾನ: ಯಾವುದನ್ನು ಕಟ್ಟೋದು?

ಚಿಕ್ಕಮಗಳೂರಿನ ತೋಟದ ಗೋದಾಮಿನಲ್ಲಿ ಹಳೇ ವಿಮಾನದ ಪ್ರತಿಕೃತಿ ಕಟ್ಟಬೇಕು, ರೈಟ್ ಫ್ಲೈಯರಾ, ಬ್ಲೆರಿಯೊನಾ, ಡೆಮಾಯ್ಸೆಲಾ ಅಂತ ಕೇಳಿದ್ದೀರಿ.

ಮೊದಲು ಜಾಗ ಅಳೆಯಿರಿ. 1903ರ ರೈಟ್ ಫ್ಲೈಯರ್‌ನ ರೆಕ್ಕೆ ತುದಿಯಿಂದ ತುದಿಗೆ 12 ಮೀಟರಿಗೂ ಜಾಸ್ತಿ. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೆರಿಯೊಗೆ 8 ಮೀಟರ್ ಸಾಕು. ಬ್ರೆಜಿಲ್‌ನ ವೈಮಾನಿಕ ಸಾಂಟೋಸ್ ಡುಮಾಂಟ್ ಅವರ ಡೆಮಾಯ್ಸೆಲ್ ಸುಮಾರು 5 ಮೀಟರ್. ಕಾಫಿ ಮೂಟೆಗಳ ಪಕ್ಕದಲ್ಲೇ ಹಿಡಿಸುತ್ತದೆ.

ಖರ್ಚಿನಲ್ಲೂ ಡೆಮಾಯ್ಸೆಲ್ಲೇ ಹಗುರ. ಅದರ ಒಡಲು ಬಿದಿರಿನದು, ಬಿದಿರಿಗೆ ಮಲೆನಾಡಲ್ಲಿ ಬರವಾ? ಆದರೆ ಚಳಿಗಾಲದಲ್ಲಿ ಕಡಿದು ಬೊರಾಕ್ಸ್ ನೀರಿನಲ್ಲಿ ನೆನೆಸಲೇಬೇಕು. ಇಲ್ಲದಿದ್ದರೆ ಗಂಟುಗಳ ಹತ್ತಿರ ಸೂಜಿಮೊನೆಯಷ್ಟು ತೂತು, ಕೆಳಗೆ ನುಣ್ಣನೆ ಹಳದಿ ಪುಡಿ. ಹುಳು ಕೆಲಸ ಶುರು ಮಾಡಿದೆ ಅಂತ ಅರ್ಥ. ಉಳಿದೆರಡಕ್ಕೆ ಸ್ಪ್ರೂಸ್, ಆ್ಯಶ್ ಮರ ತರಿಸಬೇಕು. ತೋಟದ ಸಿಲ್ವರ್ ಓಕ್ ಪ್ರದರ್ಶನಕ್ಕೆ ಓಕೆ, ಹಾರಾಟಕ್ಕೆ ಭಾರ.

ಬಾಳಿಕೆಯಲ್ಲಿ ಮೂರೂ ಒಂದೇ. ಮಳೆಗಾಲದಲ್ಲಿ ರೆಕ್ಕೆಯ ಬಟ್ಟೆಗೆ ಬೂಷ್ಟು ಗ್ಯಾರಂಟಿ.

ಕೆಲಸ ಜಾಸ್ತಿ ಇರೋದು ರೈಟ್ ಫ್ಲೈಯರ್‌ನಲ್ಲಿ. ಒಂದರ ಮೇಲೊಂದು ಎರಡು ರೆಕ್ಕೆ, ಎರಡು ಪ್ರೊಪೆಲ್ಲರ್, ಅವಕ್ಕೆ ಚೈನು. ಒಂದು ಚೈನನ್ನು ಅಡ್ಡ ತಿರುವಿ ಹಾಕಿದ್ದರಿಂದ ಪ್ರೊಪೆಲ್ಲರ್‌ಗಳು ಎದುರುಬದುರು ತಿರುಗುತ್ತವೆ. ಕಾಲೇಜು ಹುಡುಗರ ದಂಡಿದ್ದರೆ, ಸಭಾಂಗಣದಲ್ಲಿ ತೂಗುಹಾಕುವುದಾದರೆ ಇದೇ ಚೆನ್ನ. ಒಬ್ಬರೇ ಕಟ್ಟುವುದಾದರೆ ಡೆಮಾಯ್ಸೆಲ್.

ಹಾರಿಸೋ ಆಸೆಯೇ? ನಾನಾದರೆ ಬ್ಲೆರಿಯೊ ಹಿಡಿಯುತ್ತೇನೆ. ಡುಮಾಂಟ್ 50 ಕಿಲೋ ಆಸುಪಾಸಿನ ಸಣ್ಣ ಆಳು, ಕಡುಬು ತಿಂದು ಬೆಳೆದ ನಮ್ಮನ್ನು ಅವರ ಬಿದಿರು ಹೊರಬೇಕಲ್ವಾ! ಯಾವುದೇ ಆಗಲಿ, ಹಾರಿಸುವುದಾದರೆ ಮರ ಕೊಯ್ಯುವ ಮೊದಲೇ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಅನುಮತಿ ವಿಚಾರಿಸಿ.