‘ಟ್ರಾನ್ಸ್‌ಫರ್ ಆಗುತ್ತೆ’ ಅಂದಿದ್ದನ್ನು ನಂಬಿ ಮಗಳ ಒಂದು ವರ್ಷ ಹೋಯ್ತು

ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೀರಾ? ಮೊದಲು ಕಮ್ಯುನಿಟಿ ಕಾಲೇಜು, ಆಮೇಲೆ ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಎಂಜಿನಿಯರಿಂಗ್ ಅನ್ನೋ ಯೋಚನೆ ಇದೆಯಾ? ಹಾಗಿದ್ದರೆ ಸೈನ್ಸ್ ಕ್ಲಾಸ್‌ಗಳಿಗೆ ಹೆಸರು ಬರೆಸುವ ಮೊದಲು ದಯವಿಟ್ಟು ಇದನ್ನು ಓದಿ.

ದಾರಿ ಒಳ್ಳೆಯದೇ, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಇಲ್ಲಿ ನೆಲೆಸಿದವರಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ) 46 ಡಾಲರ್ ಫೀಸು. ಎರಡು ವರ್ಷ ಮನೆಯಿಂದಲೇ ಓದಿ, ಮೂರನೇ ವರ್ಷಕ್ಕೆ ನೇರವಾಗಿ ಯೂನಿವರ್ಸಿಟಿಗೆ ಹೋಗಬಹುದು. ನಾವು ಇದನ್ನು ಊರಿನ ಲೆಕ್ಕದಲ್ಲೇ ಅರ್ಥ ಮಾಡಿಕೊಂಡೆವು. ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ಬಿಇ ಎರಡನೇ ವರ್ಷಕ್ಕೆ ಸೇರ್ತಾರಲ್ಲ, ಹಾಗೆಯೇ ಇದೂ ಅಂದುಕೊಂಡೆವು. ತಪ್ಪಿದ್ದು ಅಲ್ಲೇ. ಊರಲ್ಲಿ ಪಿಸಿಎಂಬಿ ಅಂತ ಒಂದು ಕಾಂಬಿನೇಷನ್ ಹೇಳಿದರೆ ಮುಗೀತು, ಯಾವ ಫಿಸಿಕ್ಸ್ ಅಂತ ಯಾರೂ ಕೇಳಲ್ಲ. ಇಲ್ಲಿ ಒಂದೇ ಕಾಲೇಜಿನಲ್ಲಿ ಎರಡು ಮೂರು ಥರದ ಫಿಸಿಕ್ಸ್ ಇರುತ್ತದೆ. ಆರಿಸಿಕೊಳ್ಳುವವರು ನಾವೇ.

ಮಗಳು ಸೇರಿದ್ದು 2022ರ ಆಗಸ್ಟ್‌ನಲ್ಲಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಅವಳ ಆಸೆ. ಕೌನ್ಸೆಲರ್ ಹತ್ತು ಹದಿನೈದು ನಿಮಿಷ ಮಾತಾಡಿದರು. ಒಂದು ಫಿಸಿಕ್ಸ್, ಒಂದು ಪರಿಚಯದ (ಇಂಟ್ರೊಡಕ್ಟರಿ) ಕೆಮಿಸ್ಟ್ರಿ, ಇಂಗ್ಲಿಷ್, ಕ್ಯಾಲ್ಕುಲಸ್ ಬರೆದುಕೊಟ್ಟರು. ‘ಇದೆಲ್ಲ ಯುಸಿಗೆ ಟ್ರಾನ್ಸ್‌ಫರ್ ಆಗುತ್ತಾ?’ ಅಂತ ನಾನೇ ಕೇಳಿದೆ. ‘ಆಗುತ್ತೆ’ ಅಂದರು. ಕಾಲೇಜಿನ ಪಟ್ಟಿಯಲ್ಲೂ ಹಾಗೇ ಇತ್ತು. ಸಮಾಧಾನ ಆಯಿತು.

ಮೊದಲ ತಿಂಗಳಲ್ಲೇ ಮಗಳು ಒಂದು ಮಾತು ಹೇಳಿದ್ದಳು. ಅಡುಗೆಮನೆ ಕಟ್ಟೆ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ‘ಅಮ್ಮ, ಇಲ್ಲಿ ಫಿಸಿಕ್ಸ್ ತುಂಬಾ ಸುಲಭ. ಚಲನೆಯ ಸೂತ್ರ ಕೊಟ್ಟುಬಿಡ್ತಾರೆ, ನಂಬರ್ ಹಾಕಿದರೆ ಆಯ್ತು. ಊರಲ್ಲಿ ಇದನ್ನೇ ಇಂಟಿಗ್ರೇಷನ್ ಮಾಡಿ ತೋರಿಸಿದ್ದೆವು’ ಅಂದಳು. ಬೆಳಿಗ್ಗೆ ಒಂದು ರೂಮಿನಲ್ಲಿ ಕ್ಯಾಲ್ಕುಲಸ್, ಮಧ್ಯಾಹ್ನ ಪಕ್ಕದ ರೂಮಿನಲ್ಲಿ ಕ್ಯಾಲ್ಕುಲಸ್ಸೇ ಇಲ್ಲದ ಫಿಸಿಕ್ಸ್. ಪಿಯುಸಿ ಚೆನ್ನಾಗಿ ಆಗಿದ್ದರಿಂದ ಹೀಗೆ ಅಂತ ನಾವು ಖುಷಿಪಟ್ಟೆವು. ಆ ಮಾತು ಕೇಳಿದ ದಿನವೇ ನಾನು ವಿಚಾರಿಸಬೇಕಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಎರಡು ಸೆಮಿಸ್ಟರ್ ಫಿಸಿಕ್ಸ್ ಮುಗಿಯಿತು, ಎರಡರಲ್ಲೂ ಎ ಗ್ರೇಡ್. 2023ರ ಆಗಸ್ಟ್‌ನಲ್ಲಿ ಲೆಕ್ಕದ ಕ್ಲಾಸಿನ ಗೆಳತಿಯೊಬ್ಬಳು, ‘ನೀನು ಎಂಜಿನಿಯರಿಂಗ್ ಅಲ್ವಾ? ನಮ್ಮ ಫಿಸಿಕ್ಸ್‌ನಲ್ಲಿ ನೀನು ಇರಲೇ ಇಲ್ಲವಲ್ಲ’ ಅಂದಳಂತೆ. ಅವತ್ತು ರಾತ್ರಿ ಮಗಳ ಜೊತೆ ಕೂತು ಅಸಿಸ್ಟ್ ಡಾಟ್ ಆರ್ಗ್ ತೆಗೆದೆವು. ಯಾವ ಕಾಲೇಜಿನ ಯಾವ ಕ್ಲಾಸು ಯಾವ ಯೂನಿವರ್ಸಿಟಿಯ ಯಾವ ಕ್ಲಾಸಿಗೆ ಸಮ ಅಂತ ತೋರಿಸುವ ಅಧಿಕೃತ ಜಾಗ ಅದು. ಎಡಗಡೆ ಯೂನಿವರ್ಸಿಟಿ ಕೇಳುವ ಕ್ಲಾಸು, ಬಲಗಡೆ ನಮ್ಮ ಕಾಲೇಜಿನ ಕ್ಲಾಸು. ಫಿಸಿಕ್ಸ್ ಸಾಲಿನ ಬಲಗಡೆ ಇದ್ದ ನಂಬರೇ ಬೇರೆ. ಅವಳು ಓದಿದ್ದು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಮಗಳು ಏನೂ ಮಾತಾಡಲಿಲ್ಲ. ಪುಟವನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದಳು.

ಆಮೇಲೆ ಗೊತ್ತಾಗಿದ್ದು ಇಷ್ಟು. ಕ್ಲಾಸು ಯುಸಿಗೆ ‘ಟ್ರಾನ್ಸ್‌ಫರ್ ಆಗುತ್ತೆ’ ಅಂದರೆ ಯೂನಿಟ್ ಲೆಕ್ಕಕ್ಕೆ ಸೇರುತ್ತೆ ಅಂತ ಮಾತ್ರ ಅರ್ಥ. ನಿಮ್ಮ ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಅದು ಬೇಕಾ, ಅದನ್ನು ಒಪ್ಪುತ್ತಾರಾ ಅನ್ನೋದು ಬೇರೆಯೇ ಪ್ರಶ್ನೆ. ನಾನು ಕೇಳಿದ್ದು ಮೊದಲನೆಯದು, ಉತ್ತರ ಸಿಕ್ಕಿದ್ದೂ ಮೊದಲನೆಯದಕ್ಕೆ. ಅವಳು ಓದಿದ್ದು ಕ್ಯಾಲ್ಕುಲಸ್ ಇಲ್ಲದ, ಬೀಜಗಣಿತದ ಫಿಸಿಕ್ಸ್. ಅದು ಸಾಮಾನ್ಯವಾಗಿ ಜೀವವಿಜ್ಞಾನದ ಕಡೆ ಹೋಗುವವರಿಗೆ. ಎಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಫಿಸಿಕ್ಸೇ ಬೇಕು. ಎರಡೂ ಮಾಡಿದರೆ ಯುಸಿ ಎರಡಕ್ಕೂ ಪೂರ್ತಿ ಯೂನಿಟ್ ಕೊಡುವುದಿಲ್ಲ, ಒಂದು ಸರಣಿಗೆ ಮಾತ್ರ. ನಾವು ಬಂದು ವರ್ಷ ತುಂಬಿರಲಿಲ್ಲ, ಹಾಗಾಗಿ ಆ ಎರಡು ಫಿಸಿಕ್ಸ್‌ಗೂ ಹೊರಗಿನವರ ಫೀಸು, 46 ಡಾಲರಿನ ಹಲವು ಪಟ್ಟು, ಕಟ್ಟಿದ್ದೆವು.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಸಮಯಕ್ಕೆ. ಅವಳ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಫಿಸಿಕ್ಸ್ ಮೂರು ಸೆಮಿಸ್ಟರ್. ಒಂದು ಪಾಸಾಗದೆ ಇನ್ನೊಂದಕ್ಕೆ ಸೇರಿಸಲ್ಲ. ನವೆಂಬರ್‌ನಲ್ಲಿ ಅರ್ಜಿ ಹಾಕಿ 2024ಕ್ಕೆ ಹೋಗಬೇಕಿದ್ದವಳು 2025ರವರೆಗೆ ಕಾದಳು. ಕೆಮಿಸ್ಟ್ರಿಯ ಕಥೆಯೂ ಅದೇ. ಪರಿಚಯದ ಕೆಮಿಸ್ಟ್ರಿ ಲೆಕ್ಕಕ್ಕೆ ಬರಲಿಲ್ಲ, ಮೇಜರ್‌ನವರು ಓದುವ ಜನರಲ್ ಕೆಮಿಸ್ಟ್ರಿಯನ್ನು ಮತ್ತೆ ತಗೊಂಡಳು.

ಹಾಗಾಗಿ ಕೌನ್ಸೆಲರ್ ಹತ್ತಿರ ಹೋಗುವ ಮೊದಲೇ ಮೂರು ನಾಲ್ಕು ಯೂನಿವರ್ಸಿಟಿ ಆರಿಸಿ, ನಿಮ್ಮ ಮೇಜರ್‌ನ ಅಸಿಸ್ಟ್ ಪುಟ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಸುಮ್ನೆ ಒಂದೇ ನೋಡಬೇಡಿ, ಒಂದೊಂದು ಕ್ಯಾಂಪಸ್ ಒಂದೊಂದು ಕೇಳುತ್ತೆ. ಇತ್ತೀಚಿನ ಶೈಕ್ಷಣಿಕ ವರ್ಷದ ಪುಟವನ್ನೇ ನೋಡಿ. ಎರಡು ಕ್ಲಾಸುಗಳ ನಡುವೆ ‘ಆ್ಯಂಡ್’ ಇದ್ದರೆ ಎರಡನ್ನೂ ಮಾಡಲೇಬೇಕು. ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಅಂತ ಇದ್ದರೆ ಅದಕ್ಕೆ ಸಮನಾದ ಕ್ಲಾಸು ನಿಮ್ಮ ಕಾಲೇಜಿನಲ್ಲಿ ಇಲ್ಲ ಅಂತ. ಪಕ್ಕದ ಕಾಲೇಜಿನಲ್ಲಿ ಇದೆಯಾ ಹುಡುಕಿ. ಆದರೆ ಫಿಸಿಕ್ಸ್ ಸರಣಿಯನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ಮಾಡಬೇಡಿ. ಸೆಮಿಸ್ಟರ್ ಕಾಲೇಜಿನಲ್ಲೂ, ಇನ್ನೂ ಚಿಕ್ಕ ಅವಧಿಗಳ ಕ್ವಾರ್ಟರ್ ಕಾಲೇಜಿನಲ್ಲೂ ಪಾಠ ಹಂಚುವ ರೀತಿ ಬೇರೆ, ನಡುವೆ ಒಂದು ಭಾಗ ತಪ್ಪಿಹೋಗುತ್ತದೆ.

ಇನ್ನೊಂದು ಮಾತು. ಇತಿಹಾಸ, ಕಲೆ ಅಂತ ಸುಲಭದ್ದನ್ನೆಲ್ಲ ಮೊದಲು ಮುಗಿಸೋಣ ಅಂತ ಅನಿಸುತ್ತೆ. ಬೇಡ. ಎಂಜಿನಿಯರಿಂಗ್ ಮಕ್ಕಳಿಗೆ ಲೆಕ್ಕ, ಫಿಸಿಕ್ಸ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಈಗಾಗಲೇ ಸೇರಿಯಾಗಿದೆ, ಸೆಮಿಸ್ಟರ್ ಶುರುವಾಗಿ ನಾಲ್ಕು ದಿನ ಆಗಿದೆ ಅಂದರೆ ಇವತ್ತೇ ಫಿಸಿಕ್ಸ್ ನಂಬರ್ ತಾಳೆ ನೋಡಿ. ತಪ್ಪು ಕ್ಲಾಸಾಗಿದ್ದರೆ, ಫೀಸು ವಾಪಸ್ ಬರುವಂತೆ ಬಿಡಲು ಕೊನೆಯ ದಿನ ಯಾವುದು, ದಾಖಲೆಯಲ್ಲಿ ಗುರುತು ಉಳಿಯದಂತೆ ಬಿಡಲು ಕೊನೆಯ ದಿನ ಯಾವುದು ಅಂತ ಕಾಲೇಜಿನ ಕ್ಯಾಲೆಂಡರ್‌ನಲ್ಲಿ ಇರುತ್ತದೆ. ಎರಡೂ ದಿನ ಒಂದೇ ಆಗಿರಬೇಕು ಅಂತಿಲ್ಲ, ಮೊದಲು ಬರುವ ದಿನದೊಳಗೇ ಬಿಡಿ.